ಎರಡೂವರೆ ವರ್ಷದ ಮಗುವಿನೊಂದಿಗೆ ಗಂಡಿಕೋಟದಲ್ಲಿ ಟೆಂಟ್ ಹಾಕಬಹುದೇ?

ಪ್ರಶ್ನೆ: ನಾವು ಹಾಸನದವರು. ಮಗನಿಗೆ ಆರು ವರ್ಷ, ಮಗಳಿಗೆ ಎರಡೂವರೆ. ಡಿಸೆಂಬರ್‌ನಲ್ಲಿ ಆಂಧ್ರದ ಗಂಡಿಕೋಟಕ್ಕೆ ಹೋಗಿ ಕಮರಿಯ ಬಳಿ ಒಂದು ರಾತ್ರಿ ಟೆಂಟ್‌ನಲ್ಲಿ ಮಲಗಬೇಕೆಂಬುದು ನಮ್ಮ ಯಜಮಾನರ ಆಸೆ. ಟೆಂಟ್ ಕೂಡ ಕೊಂಡು ತಂದಿದ್ದಾರೆ. ಅತ್ತೆಯವರು ಮಾತ್ರ ‘ಮಕ್ಕಳಿಗೆ ಶೀತವಾಗುತ್ತದೆ, ಹುಳಹುಪ್ಪಟೆ ಕಚ್ಚುತ್ತದೆ, ದೊಡ್ಡವರಾದ ಮೇಲೆ ಕರೆದುಕೊಂಡು ಹೋಗಿ’ ಎನ್ನುತ್ತಿದ್ದಾರೆ. ಮಗನಿಗೆ ಚಳಿಗಾಲದಲ್ಲಿ ಉಬ್ಬಸ ಬರುತ್ತದೆ, ಇನ್‌ಹೇಲರ್ ಬಳಸುತ್ತಾನೆ. ಹೋಗಬಹುದೇ? ಹೋದರೆ ಸಿದ್ಧತೆ ಹೇಗಿರಬೇಕು?

ಉತ್ತರ (ಮಕ್ಕಳ ತಜ್ಞರಿಂದ): ಹೋಗಿ ಬನ್ನಿ. ಮಕ್ಕಳು ದೊಡ್ಡವರಾಗುವವರೆಗೆ ಕಾಯಬೇಕಾಗಿಲ್ಲ. ಆದರೆ ನಿಮ್ಮ ಅತ್ತೆಯವರು ಹೇಳಿದ ಭಯಗಳಿಗಿಂತ ದೊಡ್ಡದೊಂದು ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ಅದು ಕಮರಿಯ ಅಂಚು.

ಗಂಡಿಕೋಟದಲ್ಲಿ ಪೆನ್ನಾ ನದಿ ಎರ್ರಮಲ ಬೆಟ್ಟಸಾಲನ್ನು ಸೀಳಿಕೊಂಡು ಹರಿಯುತ್ತದೆ. ಕೋಟೆಯೊಳಗೆ ಮಸೀದಿಯನ್ನು ದಾಟಿ ಬಂಡೆಗಳನ್ನು ಹತ್ತಿಳಿಯುತ್ತ ನಡೆದರೆ ಒಂದು ಕಡೆ ನೆಲ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ನೀರು ನೂರಾರು ಅಡಿ ಕೆಳಗೆ. ಅಂಚಿನ ಉದ್ದಕ್ಕೂ ಬೇಲಿಯಾಗಲಿ ಕಂಬಿಯಾಗಲಿ ಇಲ್ಲ. ಬಂಡೆಗಳು ಚೌಕಚೌಕವಾಗಿ ಒಡೆದು ನಿಂತಿವೆ, ಅವುಗಳ ನಡುವಿನ ಬಿರುಕುಗಳಲ್ಲಿ ಮಗುವಿನ ಕಾಲು ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಚಳಿಗೆ ಸ್ವೆಟರ್ ಇದೆ, ಜ್ವರಕ್ಕೆ ಔಷಧಿ ಇದೆ, ಚೇಳು ಕುಟುಕಿದರೂ ಇಂದು ಒಳ್ಳೆಯ ಚಿಕಿತ್ಸೆ ಇದೆ. ಅಂಚಿನಿಂದ ಜಾರಿದ ಮಗುವಿಗೆ ವೈದ್ಯರು ಮಾಡಬಹುದಾದದ್ದು ಬಹಳ ಕಡಿಮೆ. ಆದ್ದರಿಂದ ಉತ್ತರವನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಎರಡೂವರೆ ವರ್ಷದ ಮಗುವಿಗೆ ‘ನಿಲ್ಲು’ ಎಂಬ ಮಾತು ಅರ್ಥವಾಗುತ್ತದೆ, ಆದರೆ ಓಡುತ್ತಿರುವ ಕಾಲನ್ನು ಆ ಮಾತಿಗೆ ನಿಲ್ಲಿಸುವ ಹತೋಟಿ ಇನ್ನೂ ಬಂದಿರುವುದಿಲ್ಲ. ಹಿಂದಿನಿಂದ ಕೂಗಿದರೆ ಅದನ್ನು ಆಟವೆಂದುಕೊಂಡು ನಗುತ್ತ ಇನ್ನಷ್ಟು ಜೋರಾಗಿ ಓಡುವ ವಯಸ್ಸು ಅದು. ಆರು ವರ್ಷದ ಹುಡುಗನ ಸಮಸ್ಯೆ ಬೇರೆ. ಅವನಿಗೆ ಅಪಾಯ ಗೊತ್ತು. ಆದರೆ ತಾನು ಎಷ್ಟು ದೂರ ಜಿಗಿಯಬಲ್ಲೆ, ಯಾವ ಬಂಡೆ ಅಲುಗಾಡುತ್ತದೆ ಎಂಬ ಅಂದಾಜು ತಪ್ಪುತ್ತದೆ, ಅದೂ ಅಪ್ಪ ನೋಡುತ್ತಿದ್ದಾರೆ ಎಂದಾಗ ಹೆಚ್ಚಾಗಿ ತಪ್ಪುತ್ತದೆ. ಮನೆಯಿಂದ ಹೊರಡುವ ಮುನ್ನ ಎಷ್ಟೇ ಬುದ್ಧಿ ಹೇಳಿರಿ, ಅಂಚಿನಲ್ಲಿ ಕೆಲಸಕ್ಕೆ ಬರುವುದು ಹಿಡಿದ ಕೈಯೊಂದೇ.

ಹಾಗಾಗಿ ಸಾಮಾನಿನ ಪಟ್ಟಿಗಿಂತ ಮೊದಲು ಕೈಗಳ ಲೆಕ್ಕ ಹಾಕಿ. ಅಂಚಿನ ಬಳಿ ಒಂದು ಮಗುವಿಗೆ ಒಬ್ಬ ದೊಡ್ಡವರು, ಬೇರೆ ಯಾವ ಕೆಲಸವೂ ಇಲ್ಲದೆ. ಗಂಡ ಹೆಂಡತಿ ಇಬ್ಬರೇ ಹೋದರೆ ಇಬ್ಬರ ಕೈಯೂ ತುಂಬಿಹೋಗುತ್ತದೆ. ಆಗ ಫೋಟೊ ತೆಗೆಯುವವರು ಯಾರು, ಬಂದ ಫೋನ್ ಎತ್ತುವವರು ಯಾರು, ನೀರಿನ ಬಾಟಲಿ ಉರುಳಿದರೆ ಹಿಡಿಯುವವರು ಯಾರು? ಅಂಥ ಅರೆಗಳಿಗೆಯಲ್ಲಿಯೇ ಮಗುವಿನ ಕೈ ಬಿಟ್ಟುಹೋಗುವುದು. ಮೈದುನನೋ ನಾದಿನಿಯೋ ತಮ್ಮನೋ, ಚುರುಕಾಗಿ ನಡೆಯಬಲ್ಲ ಮೂರನೆಯವರೊಬ್ಬರು ಜೊತೆಗಿರಲಿ. ಹೊಸ ಟೆಂಟ್‌ಗಿಂತ ನಿಮಗೆ ಹೆಚ್ಚು ಬೇಕಾಗಿರುವುದು ಈ ಮೂರನೆಯ ಜೋಡಿ ಕೈ. ಯಾರೂ ಸಿಗದಿದ್ದರೆ ಇಬ್ಬರು ಮಕ್ಕಳನ್ನೂ ಒಟ್ಟಿಗೆ ಅಂಚಿನ ಕಡೆ ಕರೆದೊಯ್ಯಬೇಡಿ. ಒಬ್ಬರು ಮಗನೊಂದಿಗೆ ಹೋಗಿ ಬರಲಿ, ಆಮೇಲೆ ಇನ್ನೊಬ್ಬರು ಹೋಗಲಿ. ಮಗಳಿಗೆ ಕಮರಿಯ ನೋಟ ಈ ವಯಸ್ಸಿನಲ್ಲಿ ಮುಖ್ಯವೇ ಅಲ್ಲ. ಅವಳ ಕಣ್ಣು ಕಾಲ ಬುಡದ ಕಲ್ಲು, ಇರುವೆ, ಒಣಗಿದ ಬೀಜಗಳ ಮೇಲೆಯೇ ಇರುತ್ತದೆ, ಅವೆಲ್ಲ ಟೆಂಟ್‌ನ ಪಕ್ಕದಲ್ಲೂ ಸಿಗುತ್ತವೆ.

ಮಗನಿಗೆ ಕಮರಿಯನ್ನು ತೋರಿಸುವಾಗ ಅಂಚಿನಿಂದ ಹಿಂದೆ, ಗಟ್ಟಿಯಾದ ಬಂಡೆಯ ಮೇಲೆ ನೀವು ಮೊದಲು ಕುಳಿತುಕೊಳ್ಳಿ, ಆಮೇಲೆ ಅವನನ್ನು ನಿಮ್ಮ ಕಾಲುಗಳ ನಡುವೆ ಕೂರಿಸಿಕೊಳ್ಳಿ. ಕುಳಿತೇ ನೋಡುವುದು, ಕೂತಲ್ಲೇ ತಿರುಗುವುದು, ಹೊರಡುವಾಗ ದೊಡ್ಡವರು ಮೊದಲು ಏಳುವುದು. ಇದನ್ನು ಒಂದು ನಿಯಮವನ್ನಾಗಿ ಮಾಡಿದರೆ ಆರು ವರ್ಷದವರು ಬಹಳ ಶ್ರದ್ಧೆಯಿಂದ ಪಾಲಿಸುತ್ತಾರೆ, ತಪ್ಪಿದ ಅಪ್ಪನನ್ನು ತಿದ್ದುತ್ತಾರೆ ಕೂಡ. ಮಗುವನ್ನು ಭುಜದ ಮೇಲೆ ಕೂರಿಸಿಕೊಂಡು ಬಂಡೆ ಹತ್ತುವುದು ಬೇಡವೇ ಬೇಡ. ಭಾರ ಮೇಲಕ್ಕೆ ಹೋದಷ್ಟೂ ಎಡವಿದಾಗ ಸಾವರಿಸಿಕೊಳ್ಳುವುದು ಕಷ್ಟ. ಮಗಳನ್ನು ಎತ್ತಿಕೊಂಡು ಹೋಗಲೇಬೇಕಾದರೆ ಎದೆಗೆ ಕಟ್ಟಿಕೊಳ್ಳುವ ಚೀಲ ಬಳಸಿ, ನಿಮ್ಮ ಎರಡೂ ಕೈ ಬಂಡೆಗೆ ಬಿಡುವಾಗಿರುತ್ತವೆ. ಕಾಲಿಗೆ ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ. ಮಳೆ ಹನಿದಿದ್ದರೆ ಅಂದು ಅಂಚಿನ ಕಡೆ ಹೋಗಬೇಡಿ. ಅಕ್ಟೋಬರ್, ನವೆಂಬರ್‌ನಲ್ಲಿ ಆ ಸೀಮೆಗೆ ಹಿಂಗಾರು ಮಳೆ ಬರುತ್ತದೆ, ಹಾಗಾಗಿ ನೀವು ಆರಿಸಿಕೊಂಡಿರುವ ಡಿಸೆಂಬರ್ ಒಳ್ಳೆಯ ಆಯ್ಕೆ. ವಾರಾಂತ್ಯ ಮತ್ತು ವರ್ಷದ ಕೊನೆಯ ದಿನಗಳನ್ನು ಮಾತ್ರ ತಪ್ಪಿಸಿ. ಜನಜಂಗುಳಿಯಲ್ಲಿ, ತಡರಾತ್ರಿಯವರೆಗಿನ ಹಾಡುಗದ್ದಲದಲ್ಲಿ ಮಕ್ಕಳು ನಿದ್ದೆ ಮಾಡುವುದಿಲ್ಲ, ನಿದ್ದೆಗೆಟ್ಟ ಮಗು ಮರುದಿನ ಹೆಜ್ಜೆ ಹೆಜ್ಜೆಗೂ ಎಡವುತ್ತದೆ. ಒಂದನೆಯ ತರಗತಿಯ ಹುಡುಗ ವಾರದ ನಡುವೆ ಎರಡು ದಿನ ಶಾಲೆ ತಪ್ಪಿಸಿದರೆ ಏನೂ ನಷ್ಟವಿಲ್ಲ.

ಟೆಂಟ್ ಎಲ್ಲಿ ಹಾಕಬೇಕೆಂಬುದೂ ಇದೇ ಲೆಕ್ಕದ ಮುಂದುವರಿಕೆ. ಅಲ್ಲಿ ಟೆಂಟ್ ಬಾಡಿಗೆಗೆ ಕೊಡುವವರಿದ್ದಾರೆ. ಕಮರಿ ಕಾಣುವ ಜಾಗವನ್ನೇ ಚೆಂದದ ಜಾಗವೆಂದು ತೋರಿಸುತ್ತಾರೆ. ನಯವಾಗಿ ಬೇಡವೆನ್ನಿ. ಅಂಚಿನಿಂದ ಇನ್ನೂರು ಹೆಜ್ಜೆಯಾದರೂ ಹಿಂದೆ ಇರಲಿ, ಟೆಂಟ್‌ನ ಬಾಗಿಲು ಕಮರಿಗೆ ಬೆನ್ನು ಮಾಡಿರಲಿ, ನಡುವೆ ನಿಮ್ಮ ಕಾರು ನಿಂತಿರಲಿ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಸ್ಮಾರಕಗಳ ಆವರಣದಲ್ಲಿ ಟೆಂಟ್ ಹಾಕಬಾರದು. ಕೋಟೆಗೆ ಸ್ವಲ್ಪ ಮೊದಲೇ ಆಂಧ್ರ ಪ್ರವಾಸೋದ್ಯಮ ನಿಗಮದ ಹರಿತಾ ಹೋಟೆಲ್ ಇದೆ. ಟೆಂಟ್‌ನಲ್ಲಿ ಮಲಗುವುದೇ ನಿಮ್ಮ ಉದ್ದೇಶವಾದರೂ ಅಲ್ಲಿ ಒಂದು ಕೋಣೆ ಕಾಯ್ದಿರಿಸಿ. ನಡುರಾತ್ರಿ ಮಗಳು ಅತ್ತು ರಂಪ ಮಾಡಿದರೆ, ಮಗನಿಗೆ ಉಬ್ಬಸ ಹೆಚ್ಚಿದರೆ, ಗಾಳಿಗೆ ಟೆಂಟ್ ನಿಲ್ಲದಿದ್ದರೆ ಹೋಗಲು ಒಂದು ಸೂರು ಇರಬೇಕು. ಆ ಬಾಡಿಗೆಯನ್ನು ದಂಡವೆಂದು ಎಣಿಸಬೇಡಿ. ಅತ್ತೆಯವರನ್ನೂ ಕರೆದೊಯ್ಯುವ ಮನಸ್ಸಿದ್ದರೆ ಅವರಿಗೂ ಈ ಕೋಣೆ ಬೇಕಾಗುತ್ತದೆ, ಮಗಳು ಮಧ್ಯಾಹ್ನ ಮಲಗಿದಾಗ ಪಕ್ಕದಲ್ಲಿರಲು ಅವರಿಗಿಂತ ಒಳ್ಳೆಯವರು ಯಾರಿದ್ದಾರೆ?

ರಾತ್ರಿ ಮಕ್ಕಳಿಬ್ಬರೂ ನಡುವೆ, ಬಾಗಿಲ ಪಕ್ಕದಲ್ಲಿ ದೊಡ್ಡವರೊಬ್ಬರು. ಒಳಗಿನಿಂದ ಜಿಪ್‌ನ ಎರಡೂ ಹಿಡಿಗಳನ್ನು ಸೇರಿಸಿ ಒಂದು ದಾರದಿಂದ ಕಟ್ಟಿಬಿಡಿ. ಮಕ್ಕಳು ಜಿಪ್ ಎಳೆಯುವುದನ್ನು ಬಹಳ ಬೇಗ ಕಲಿಯುತ್ತಾರೆ, ನಿದ್ದೆಗಣ್ಣಿನಲ್ಲಿ ಹೊರಗೆ ನಡೆದುಬಿಡುವುದೂ ಉಂಟು. ಗಂಟು ಮಾತ್ರ ದೊಡ್ಡವರು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ.

ಇನ್ನು ಅತ್ತೆಯವರ ಮಾತಿಗೆ ಬರುತ್ತೇನೆ. ಶೀತದ ಭಯ ಅನಗತ್ಯ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಹಾಸನದ ಡಿಸೆಂಬರ್ ಚಳಿಯನ್ನು ತಡೆದುಕೊಂಡ ಮಕ್ಕಳಿಗೆ ರಾಯಲಸೀಮೆಯ ರಾತ್ರಿ ಕಷ್ಟವಾಗುವುದಿಲ್ಲ. ಅಲ್ಲಿ ತೊಂದರೆ ಕೊಡುವುದು ಹಗಲು. ಡಿಸೆಂಬರ್‌ನಲ್ಲೂ ಮಧ್ಯಾಹ್ನ 30 ಡಿಗ್ರಿಯ ಆಸುಪಾಸು ಇರುತ್ತದೆ, ಮರದ ನೆರಳು ಕಡಿಮೆ, ಬಂಡೆ ಕಾದು ಮೇಲೂ ಕೆಳಗೂ ಸುಡುತ್ತದೆ. ಬಿಸಿಲೇರಿದ ಮೇಲೆ ಮುಚ್ಚಿದ ಟೆಂಟ್‌ನೊಳಗೆ ಮಗುವನ್ನು ಮಲಗಿಸಬಾರದು, ನಿಲ್ಲಿಸಿದ ಕಾರಿನೊಳಗಂತೂ ಬಿಡಲೇಬಾರದು. ಕಮರಿಯನ್ನು ಸಂಜೆ ನಾಲ್ಕೂವರೆಯ ನಂತರ ನೋಡಿ, ಮತ್ತೆ ಸೂರ್ಯೋದಯಕ್ಕೆ ನೋಡಿ. ನಡುವಿನ ಬಿಸಿಲಿನಲ್ಲಿ ಊಟ, ನಿದ್ದೆ. ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಬೇಲಂ ಗುಹೆಗಳಿಗೂ ಹೋಗಿಬರೋಣ ಎಂದು ನಿಮ್ಮ ಯಜಮಾನರು ಹೇಳಬಹುದು. ಮೂರು ಕಿಲೋಮೀಟರಿಗಿಂತ ಉದ್ದದ ಸುಣ್ಣಕಲ್ಲಿನ ಗುಹೆ ಅದು, ಅಪರೂಪದ ಜಾಗ, ನಿಜ. ಆದರೆ ಒಳಗೆ ಸೆಕೆ, ಬೆವರು. ಎರಡೂವರೆ ವರ್ಷದವಳಿಗೆ ಬೇಡ. ಉಬ್ಬಸದ ಹುಡುಗನಿಗೂ ಈ ಸಲ ಬೇಡ.

ಉಬ್ಬಸದ ವಿಷಯದಲ್ಲಿ ಚಳಿಗಿಂತ ಹೆದರಬೇಕಾದದ್ದು ಹೊಗೆಗೆ. ಟೆಂಟ್ ಎಂದರೆ ಬೆಂಕಿ ಹಾಕಿ ಸುತ್ತ ಕೂರಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ. ನಿಮ್ಮ ಮಗನ ಮಟ್ಟಿಗೆ ಆ ಬೆಂಕಿಯೇ ರಾತ್ರಿಯ ಉಬ್ಬಸಕ್ಕೆ ಕಾರಣವಾಗಬಹುದು. ಬೆಂಕಿ ಹಾಕಬೇಡಿ. ಪಕ್ಕದವರು ಹಾಕಿದ್ದರೆ ಗಾಳಿ ಬೀಸುವ ದಿಕ್ಕು ನೋಡಿಕೊಂಡು ಟೆಂಟ್ ದೂರ ಹಾಕಿ. ಬೆಚ್ಚಗಿರಲೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಟೆಂಟ್‌ನೊಳಗೆ ಇಡುವುದಂತೂ ಪ್ರಾಣಕ್ಕೇ ಅಪಾಯ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಸೊಳ್ಳೆ ಬತ್ತಿಯನ್ನೂ ಟೆಂಟ್‌ನೊಳಗೆ ಹಚ್ಚಬೇಡಿ, ಮೈಗೆ ಹಚ್ಚುವ ಮುಲಾಮು ಸಾಕು. ಹೊರಡುವ ವಾರಕ್ಕೆ ಮುಂಚೆ ನಿಮ್ಮ ವೈದ್ಯರನ್ನು ಕಂಡು, ಉಬ್ಬಸ ಹೆಚ್ಚಿದರೆ ಎಷ್ಟು ಪಫ್, ಎಷ್ಟು ಹೊತ್ತಿಗೊಮ್ಮೆ ಕೊಡಬೇಕೆಂದು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್‌ಹೇಲರ್ ಜೊತೆ ಅದಕ್ಕೆ ಜೋಡಿಸುವ ಕೊಳವೆ, ಅಂದರೆ ಸ್ಪೇಸರ್ ಮರೆಯಬೇಡಿ, ಔಷಧಿಯನ್ನು ಮಂಜಿನಂತೆ ಮಾಡಿ ಕೊಡುವ ನೆಬ್ಯುಲೈಸರ್ ಯಂತ್ರಕ್ಕೆ ಅಲ್ಲಿ ಕರೆಂಟ್ ಸಿಗುವುದಿಲ್ಲ. ಇನ್‌ಹೇಲರ್ ಚೀಲದ ತಳದಲ್ಲಿ ಅಲ್ಲ, ದೊಡ್ಡವರ ಜೇಬಿನಲ್ಲಿರಲಿ.

ಹುಳಹುಪ್ಪಟೆಯ ವಿಷಯದಲ್ಲಿ ಅತ್ತೆಯವರ ಮಾತು ಸರಿ. ಸಕಲೇಶಪುರದ ಕಡೆಯ ಇಂಬಳಕ್ಕೆ ಹೊಂದಿಕೊಂಡ ನಮಗೆ ಬಯಲುಸೀಮೆಯ ಕಲ್ಲುಗುಡ್ಡದ ಜೀವಿಗಳ ಪರಿಚಯ ಕಡಿಮೆ. ಅಲ್ಲಿನ ಕಲ್ಲುಗಳ ಕೆಳಗೆ ಕೆಂಪು ಚೇಳು ಇರಬಹುದು. ದೊಡ್ಡವರಿಗೆ ಅದರ ಕುಟುಕು ಹೆಚ್ಚಾಗಿ ನೋವು ಮಾತ್ರ, ಚಿಕ್ಕ ಮಕ್ಕಳಲ್ಲಿ ವಿಷ ಹೃದಯಕ್ಕೇ ಪೆಟ್ಟು ಕೊಡಬಹುದು. ವಾಂತಿ, ಮೈಯೆಲ್ಲ ಬೆವರು, ಕೈಕಾಲು ತಣ್ಣಗಾಗುವುದು ಇದರ ಲಕ್ಷಣಗಳು. ಮಹಾರಾಷ್ಟ್ರದ ಮಹಾಡ್ ಎಂಬ ಚಿಕ್ಕ ಊರಿನಲ್ಲಿ ಕೆಲಸ ಮಾಡುತ್ತಿದ್ದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ, ರಕ್ತದೊತ್ತಡಕ್ಕೆ ಕೊಡುವ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಈ ಮಕ್ಕಳನ್ನು ಉಳಿಸಬಹುದೆಂದು ತೋರಿಸಿಕೊಟ್ಟರು. ಅಲ್ಲಿಯವರೆಗೆ ಕಣ್ಣೆದುರೇ ಸಾಯುತ್ತಿದ್ದ ಮಕ್ಕಳು ಆಮೇಲೆ ಬದುಕತೊಡಗಿದರು. ನಮ್ಮ ವೈದ್ಯಕೀಯದಲ್ಲಿ ನನಗೆ ತುಂಬ ಗೌರವವಿರುವ ಕೆಲಸಗಳಲ್ಲಿ ಇದೂ ಒಂದು. ಆದರೆ ಆ ಮಾತ್ರೆಯನ್ನು ನೀವಾಗಿ ಕೊಡಬಾರದು. ಬೇಗ ಆಸ್ಪತ್ರೆ ತಲುಪುವುದಷ್ಟೇ ನಿಮ್ಮ ಕೆಲಸ.

ಹಾವುಗಳಲ್ಲಿ ಗರಗಸ ಮಂಡಲ ಇಂಥ ಕಲ್ಲುನೆಲವನ್ನು ಇಷ್ಟಪಡುತ್ತದೆ. ರಾತ್ರಿ ಟಾರ್ಚ್ ಇಲ್ಲದೆ, ಶೂ ಇಲ್ಲದೆ ಯಾರೂ ಟೆಂಟ್‌ನಿಂದ ಕಾಲು ಹೊರಗಿಡಬಾರದು, ಮೂತ್ರಕ್ಕೆ ಹೋಗುವಾಗಲೂ. ಮಗಳಿಗೆ ಮನೆಯ ಪಾಟಿಯನ್ನೇ ಒಯ್ದರೆ ಈ ಓಡಾಟ ಉಳಿಯುತ್ತದೆ. ಟೆಂಟ್‌ಗಾಗಿ ವಿಶೇಷವಾಗಿ ನೆನಪಿಡಬೇಕಾದದ್ದು ಕಟ್ಟುಹಾವು. ಅದು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ನೋವು ಹೆಚ್ಚು ಕಡಿಮೆ ಇರುವುದೇ ಇಲ್ಲ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಮಗು ಹೊಟ್ಟೆನೋವೆಂದು ಎದ್ದು, ಕಣ್ಣಿನ ರೆಪ್ಪೆ ಜೋತುಬಿದ್ದು, ಮಾತು ತೊದಲಿ, ಎಂಜಲು ನುಂಗಲು ಕಷ್ಟಪಟ್ಟರೆ ಅಜೀರ್ಣವೆಂದು ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೊರಡಿ. ತಳವೂ ಗೋಡೆಯೂ ಒಟ್ಟಿಗೆ ಹೊಲಿದಿರುವ, ಜಿಪ್ ಪೂರ್ತಿ ಮುಚ್ಚುವ ಟೆಂಟ್ ಇದರಿಂದ ಚೆನ್ನಾಗಿ ರಕ್ಷಿಸುತ್ತದೆ, ಆದರೆ ಹಗಲೂ ರಾತ್ರಿಯೂ ಜಿಪ್ ಮುಚ್ಚಿದ್ದರೆ ಮಾತ್ರ. ಬಾಡಿಗೆ ಟೆಂಟ್‌ಗಳಲ್ಲಿ ಹಲವಕ್ಕೆ ಜಿಪ್ ಕೆಟ್ಟಿರುತ್ತದೆ. ಈ ಕಾರಣಕ್ಕೆ ನಿಮ್ಮವರು ಸ್ವಂತ ಟೆಂಟ್ ಕೊಂಡದ್ದು ಒಳ್ಳೆಯದಾಯಿತು. ಅದರ ತಳವನ್ನೊಮ್ಮೆ ನೋಡಿಕೊಳ್ಳಿ.

ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು, ಸೊಪ್ಪಿನ ರಸ ಹಚ್ಚುವುದು ಯಾವುದೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗದಂತೆ ಇಟ್ಟು, ಮಗುವನ್ನು ನಡೆಸದೆ ಎತ್ತಿಕೊಂಡು ಹೊರಡಿ. ಜಮ್ಮಲಮಡುಗು ಪಟ್ಟಣ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ, ಅಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಅದಕ್ಕಿಂತ ದೊಡ್ಡ ಊರು ಪ್ರೊದ್ದಟೂರು. ಹೋಗುವ ದಾರಿಯಲ್ಲಿಯೇ ಜಮ್ಮಲಮಡುಗಿನಲ್ಲಿ ನಿಲ್ಲಿಸಿ, ಆಸ್ಪತ್ರೆ ಎಲ್ಲಿದೆಯೆಂದು ಕಣ್ಣಾರೆ ನೋಡಿ, ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದು ಇದೆಯೇ ಎಂದು ಕೇಳಿ ಮುಂದೆ ಹೋಗಿ. 108 ಆಂಬುಲೆನ್ಸ್ ಆಂಧ್ರದಲ್ಲೂ ಇದೇ ಸಂಖ್ಯೆ.

ಔಷಧಿಯ ಪೆಟ್ಟಿಗೆ ಚಿಕ್ಕದಿರಲಿ. ಪ್ಯಾರಾಸಿಟಮಾಲ್ ಸಿರಪ್, ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ, ಗಾಯಕ್ಕೆ ಪೊವಿಡೋನ್ ಅಯೋಡಿನ್ ಮುಲಾಮು, ಬ್ಯಾಂಡೇಜ್, ಮುಳ್ಳು ತೆಗೆಯುವ ಚಿಮುಟ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಮಗುವಿನ ತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗಿಂತ ಬೇಗ ಮತ್ತೆ ಕೊಡಬಾರದು. ಸಿರಪ್‌ಗಳಲ್ಲಿ 5 ಮಿಲಿಗೆ 120 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಇಬ್ಬರು ಮಕ್ಕಳಿಗೂ ಎಷ್ಟು ಮಿಲಿ ಎಂದು ಬಾಟಲಿಯ ಮೇಲೆಯೇ ಬರೆದಿಟ್ಟುಕೊಳ್ಳಿ, ರಾತ್ರಿ ಟಾರ್ಚ್ ಬೆಳಕಿನಲ್ಲಿ ಲೆಕ್ಕ ಹಾಕಬಾರದು. ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿಯಾಗಿ ಬೆರೆಸಬೇಕು. ಅರ್ಧ ಪುಡಿಯನ್ನು ಒಂದು ಲೋಟಕ್ಕೆ ಹಾಕುವ ಅಭ್ಯಾಸ ಮಕ್ಕಳಿಗೆ ಅಪಾಯಕಾರಿ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳು ಅದರ ಬದಲಿಗೆ ಆಗುವುದಿಲ್ಲ. ನೀರು ಹಾಸನದಿಂದಲೇ ಕುದಿಸಿ ಆರಿಸಿ ಕ್ಯಾನಿನಲ್ಲಿ ಒಯ್ಯಿರಿ. ಊಟದ ಬಗ್ಗೆ ನಿಮಗೆ ಹೇಳಿಕೊಡಬೇಕಾಗಿಲ್ಲ. ಕಡಪದ ಕಡೆ ಖಾರ ಹೆಚ್ಚು ಎಂಬುದೊಂದನ್ನು ನೆನಪಿಟ್ಟು ಅವಲಕ್ಕಿ, ಹುರಿಹಿಟ್ಟು, ಬಾಳೆಹಣ್ಣು ಜೊತೆಗಿಟ್ಟುಕೊಳ್ಳಿ, ಮೊಸರನ್ನ ಎಲ್ಲ ಕಡೆ ಸಿಗುತ್ತದೆ.

ಪ್ರಯಾಣ ಉದ್ದವಾಯಿತು. ಹಾಸನದಿಂದ ಗಂಡಿಕೋಟಕ್ಕೆ ಸುಮಾರು 460 ಕಿಲೋಮೀಟರ್. ಒಂದೇ ದಿನ ಓಡಿಸಿ, ಸುಸ್ತಾದ ಮಕ್ಕಳನ್ನು ಕತ್ತಲಾದ ಮೇಲೆ ಕಮರಿಯ ಬಳಿ ಇಳಿಸುವುದು ಬೇಡ. ಹಗಲಲ್ಲಿ ನೋಡದ ಜಾಗದಲ್ಲಿ ರಾತ್ರಿ ಟೆಂಟ್ ಹಾಕಬಾರದು. ಬೆಂಗಳೂರನ್ನು ಬಿಟ್ಟು ನೆಲಮಂಗಲದಿಂದ ದೊಡ್ಡಬಳ್ಳಾಪುರ, ಗೌರಿಬಿದನೂರು ದಾರಿ ಹಿಡಿದು, ಮೊದಲ ರಾತ್ರಿ ಹಿಂದೂಪುರದಲ್ಲಿ ಉಳಿಯಿರಿ. ಮರುದಿನ ಕದಿರಿ, ಪುಲಿವೆಂದುಲ, ಮುದ್ದನೂರು ಮೂಲಕ ಮಧ್ಯಾಹ್ನದೊಳಗೆ ಜಮ್ಮಲಮಡುಗು. ಈ ದಾರಿಯನ್ನು ಹೇಳುವುದಕ್ಕೆ ನನಗೆ ಇನ್ನೊಂದು ಕಾರಣವಿದೆ. ಪೆನ್ನಾ ನಮ್ಮ ನದಿ. ಚಿಕ್ಕಬಳ್ಳಾಪುರದ ನಂದಿಯ ಬೆಟ್ಟಗಳ ಕಡೆ ಹುಟ್ಟಿ, ಉತ್ತರ ಪಿನಾಕಿನಿ ಎಂಬ ಹೆಸರಿನಲ್ಲಿ ಗೌರಿಬಿದನೂರನ್ನು ಹಾದು ಆಂಧ್ರಕ್ಕೆ ಹೋಗುತ್ತದೆ. ಗೌರಿಬಿದನೂರು ದಾಟಿದರೆ ವಿದುರಾಶ್ವತ್ಥ. 1938ರ ಏಪ್ರಿಲ್‌ನಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಮೇಲೆ ಗುಂಡು ಹಾರಿಸಿದ ಊರು ಅದು, ನದಿಯ ದಡದಲ್ಲೇ ಇದೆ. ಅಲ್ಲಿ ಅರ್ಧ ಗಂಟೆ ಇಳಿದು, ಮರಳೇ ಹೆಚ್ಚು ಕಾಣುವ ಆ ನದಿಯನ್ನು ಮಗನಿಗೆ ತೋರಿಸಿ. ‘ನಾಳೆ ನೋಡುವ ಕಮರಿಯನ್ನು ಕೊರೆದದ್ದು ಇದೇ ನದಿ’ ಎಂದು ಹೇಳಿ. ಅವನು ನಂಬುವುದಿಲ್ಲ, ಮರುದಿನ ಸಂಜೆಯವರೆಗೆ ಪ್ರಶ್ನೆ ಕೇಳುತ್ತಲೇ ಇರುತ್ತಾನೆ. ಕಾರಿನಲ್ಲಿ ಮೊಬೈಲ್ ಕೊಡುವ ಅಗತ್ಯ ಅಷ್ಟರ ಮಟ್ಟಿಗೆ ತಪ್ಪುತ್ತದೆ. ಘಾಟಿ ತಿರುವುಗಳಲ್ಲಿ ವಾಂತಿಯಾಗುವ ಮಕ್ಕಳಾಗಿದ್ದರೆ ಹೊಟ್ಟೆ ತುಂಬ ತಿನ್ನಿಸಬೇಡಿ, ಕಿಟಕಿ ತೆರೆದು ದೂರ ನೋಡಲು ಹೇಳಿ. ವಾಂತಿ ತಡೆಯಲು ಕೆಲವರು ಕೊಡುವ ಪ್ರೊಮೆಥಜಿನ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ಮಗಳಿಗೆ ಕೊಡಬೇಡಿ.

ಹೊರಡುವ ಹದಿನೈದು ದಿನ ಮೊದಲು ಮನೆಯ ಅಂಗಳದಲ್ಲೋ ತಾರಸಿಯ ಮೇಲೋ ಟೆಂಟ್ ಹಾಕಿ ಒಂದು ರಾತ್ರಿ ಎಲ್ಲರೂ ಮಲಗಿ ನೋಡಿ. ತಾರಸಿಗೆ ಎತ್ತರದ ಕಟ್ಟೆಯಿಲ್ಲದಿದ್ದರೆ ಅಂಗಳವೇ ಸರಿ. ಈ ಅಭ್ಯಾಸಕ್ಕೆಂದು ಸ್ನೇಹಿತರ ಕಾಫಿ ತೋಟಕ್ಕೆ ಹೋಗಬೇಡಿ. ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆಗಳು ರಾತ್ರಿ ತೋಟದೊಳಗೇ ಓಡಾಡುತ್ತವೆ, ಬಟ್ಟೆಯ ಗೋಡೆ ಅವುಗಳಿಗೆ ಗೋಡೆಯೇ ಅಲ್ಲ. ಚಿಕ್ಕಮಗಳೂರಿನ ಕೊಪ್ಪ, ನರಸಿಂಹರಾಜಪುರದ ಕಾಡಂಚುಗಳಲ್ಲಿ ಡಿಸೆಂಬರ್ ಹೊತ್ತಿಗೆ ಉಣ್ಣೆಗಳಿಂದ ಮಂಗನ ಕಾಯಿಲೆಯ ಕಾಲ ಆರಂಭವಾಗುತ್ತದೆ. ಅಂಗಳದ ರಾತ್ರಿಯಲ್ಲಿ ಮಕ್ಕಳು ಕಲಿಯಬೇಕಾದದ್ದು ಮೂರೇ ವಿಷಯ. ಒಳಗೆ ಬಂದ ತಕ್ಷಣ ಜಿಪ್ ಮುಚ್ಚುವುದು, ಶೂ ಕೊಡವಿ ಹಾಕಿಕೊಳ್ಳುವುದು, ದಾರಿ ತಪ್ಪಿದರೆ ಇದ್ದಲ್ಲೇ ನಿಂತು ಕೊರಳಿನ ಸೀಟಿ ಊದುವುದು. ಮಗಳು ಆ ರಾತ್ರಿ ಅತ್ತು ಮನೆಯೊಳಗೆ ಓಡಿದರೆ ಗಂಡಿಕೋಟದಲ್ಲಿ ಅವಳು, ನೀವು, ಅತ್ತೆಯವರು ಕೋಣೆಯಲ್ಲಿ ಮಲಗಿ, ಟೆಂಟ್ ಅಪ್ಪ ಮಗನಿಗಿರಲಿ. ಅದರಿಂದ ಪ್ರವಾಸವೇನೂ ಕೆಡುವುದಿಲ್ಲ.

ಹಿಂದಿರುಗಿದ ಮೇಲೆ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳು, ತೊಡೆಸಂದು ನೋಡಿ. ಕುರುಚಲು ಗಿಡಗಳ ನಡುವೆ ಓಡಾಡಿದವರಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದಿಂದ ಸ್ಕ್ರಬ್ ಟೈಫಸ್ ಬರಬಹುದು. ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹೆಪ್ಪು ಕಟ್ಟುತ್ತದೆ, ನೋವಿಲ್ಲದ್ದರಿಂದ ಮಗು ಹೇಳುವುದಿಲ್ಲ. ಜ್ವರ ಒಂದರಿಂದ ಮೂರು ವಾರಗಳ ನಂತರ ಬರುತ್ತದೆ, ಅಷ್ಟು ಹೊತ್ತಿಗೆ ಪ್ರವಾಸದ ನೆನಪು ಯಾರಿಗೂ ಇರುವುದಿಲ್ಲ. ಆ ಮೂರು ವಾರದೊಳಗೆ ಇಬ್ಬರಲ್ಲಿ ಯಾರಿಗೇ ಜ್ವರ ಬಂದರೂ ವೈದ್ಯರಿಗೆ ಮೊದಲ ಮಾತಾಗಿ ಗಂಡಿಕೋಟಕ್ಕೆ ಹೋಗಿ ಬಂದದ್ದನ್ನು ಹೇಳಿ. ಗುರುತಿಸಿದರೆ ಗುಣವಾಗುವ ಕಾಯಿಲೆ ಅದು.